ಮೂರೂವರೆ ಪಿಚ್ ಉದ್ದದ ಗೋಲು, ಮೈದಾನ ಕಳೆದುಕೊಂಡ ಕ್ಲಬ್ಬು

ಮ್ಯಾಂಚೆಸ್ಟರ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡು ಫುಟ್‌ಬಾಲ್ ಕ್ಲಬ್ಬುಗಳು, ಅಥವಾ ಓಲ್ಡ್ ಟ್ರಾಫರ್ಡ್‌ನ ಕ್ರಿಕೆಟ್ ಮೈದಾನ. ಅದೇ ನಗರಕ್ಕೆ ಅಂಟಿಕೊಂಡಂತೆ ಸಾಲ್ಫರ್ಡ್ ಇದೆ. ಸಾಲ್ಫರ್ಡ್ ನಗರಾಡಳಿತದ ವ್ಯಾಪ್ತಿಯಲ್ಲೇ ಸ್ವಿಂಟನ್ ಎಂಬ ಇನ್ನೊಂದು ಊರಿದೆ. ಒಂದು ಕಾಲಕ್ಕೆ ಈ ಇಡೀ ಸೀಮೆ ಹತ್ತಿ ಗಿರಣಿ ಮತ್ತು ಕಲ್ಲಿದ್ದಲ ಗಣಿಯದು. 1926–27ರಿಂದ 1938–39ರವರೆಗಿನ ಹದಿಮೂರು ಋತುಗಳಲ್ಲಿ ಇಂಗ್ಲೆಂಡಿನ ರಗ್ಬಿ ಲೀಗ್ ಚಾಂಪಿಯನ್ ಪಟ್ಟ ಏಳು ಬಾರಿ ಈ ಎರಡೇ ಊರುಗಳಿಗೆ ಬಂತು. ಸ್ವಿಂಟನ್ನಿಗೆ ನಾಲ್ಕು, ಸಾಲ್ಫರ್ಡಿಗೆ ಮೂರು.

ಈಗಿನ ಸ್ಥಿತಿ ನೋಡಿ. 2025ರ ಡಿಸೆಂಬರ್‌ನಲ್ಲಿ ಹೈಕೋರ್ಟು ಸಾಲ್ಫರ್ಡ್ ಕ್ಲಬ್ಬನ್ನು ನಡೆಸುತ್ತಿದ್ದ ಕಂಪನಿಯನ್ನು ಮುಚ್ಚಿಸಿತು. ತೆರಿಗೆ ಇಲಾಖೆಗೆ ಕಟ್ಟಬೇಕಾದ ಬಾಕಿ ಕುತ್ತಿಗೆಗೆ ಬಂದಿತ್ತು. ಸ್ವಿಂಟನ್ ಕ್ಲಬ್ಬು ಬದುಕಿದೆ, ಆದರೆ ಸ್ವಿಂಟನ್ನಿನಲ್ಲಿ ಅಲ್ಲ. ಮ್ಯಾಂಚೆಸ್ಟರಿನ ಆಚೆ ಬದಿಗಿರುವ ಸೇಲ್ ಎಂಬ ಊರಿನಲ್ಲಿ, ಇನ್ನೊಂದು ಕ್ಲಬ್ಬಿನ ಮೈದಾನದಲ್ಲಿ, ಬಾಡಿಗೆದಾರನಾಗಿ ಅದು ಆಡುತ್ತಿದೆ.

ಗಿರಣಿಗಳು ಮುಚ್ಚಿದವು, ಗಣಿಗಳು ಮುಚ್ಚಿದವು, ಆಟವೂ ಬಡವಾಯಿತು ಎಂದು ಹೇಳಿ ಮುಗಿಸುವುದು ಸುಲಭ. ಬಹುತೇಕ ವರದಿಗಳು ಹಾಗೆಯೇ ಮುಗಿಸುತ್ತವೆ. ನನಗೆ ಆ ವಿವರಣೆ ಸಾಲದು. ಕಾರಣ ಬಹಳ ಸರಳ: ಆ ಎರಡು ಊರುಗಳು ಏಳು ಪಟ್ಟ ಗೆದ್ದ ಕಾಲವೇನೂ ಸಮೃದ್ಧಿಯ ಕಾಲವಾಗಿರಲಿಲ್ಲ. ಅದು ಜಗತ್ತು ಕಂಡ ಅತಿ ದೊಡ್ಡ ಆರ್ಥಿಕ ಕುಸಿತದ ಕಾಲ. ಹಾಗಾದರೆ ಆಗ ಇದ್ದು ಈಗ ಇಲ್ಲದ್ದು ಏನು? ಇದನ್ನು ಹುಡುಕಲು ಒಬ್ಬ ಆಟಗಾರನ ಬೆನ್ನು ಹಿಡಿದು ಹೋಗುವುದು ಒಳ್ಳೆಯ ದಾರಿ. ಅವನ ಹೆಸರು ಮಾರ್ಟಿನ್ ಹಾಡ್ಜ್‌ಸನ್.

ಹಾಡ್ಜ್‌ಸನ್ ಹುಟ್ಟಿದ್ದು 1909ರಲ್ಲಿ, ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬರ್ಲೆಂಡ್ ಸೀಮೆಯ ಎಗ್ರೆಮಂಟ್‌ನಲ್ಲಿ. ಅದು ಕಬ್ಬಿಣದ ಅದಿರಿನ ಊರು. ಅಲ್ಲಿನ ಹೆಮಟೈಟ್ ಅದಿರು ರಕ್ತದಂಥ ಕೆಂಪು, ಗಣಿಯಿಂದ ಮೇಲೆ ಬಂದವರು ಕೆಂಪಾಗಿಯೇ ಬರುತ್ತಿದ್ದರು. (ಆ ಊರಿಗೆ ಇನ್ನೊಂದು ಖ್ಯಾತಿಯೂ ಇದೆ. ಏಳೂವರೆ ಶತಮಾನದಿಂದ ನಡೆದುಬಂದ ಅಲ್ಲಿನ ಜಾತ್ರೆಯಲ್ಲಿ, ಕುದುರೆಯ ಕೊರಳಪಟ್ಟಿಯೊಳಗೆ ತಲೆ ತೂರಿಸಿ ಯಾರು ಅತ್ಯಂತ ವಿಕಾರವಾಗಿ ಮುಖ ಸೊಟ್ಟ ಮಾಡುತ್ತಾರೆ ಎಂಬ ಸ್ಪರ್ಧೆ ನಡೆಯುತ್ತದೆ. ಸ್ಕ್ರಮ್ಮಿನೊಳಗೆ, ಅಂದರೆ ಎರಡೂ ತಂಡದವರು ಬಾಗಿ ಒಬ್ಬರನ್ನೊಬ್ಬರು ತಳ್ಳುವ ಗುಂಪಿನೊಳಗೆ, ತಲೆ ತೂರಿಸುವ ಆಟಗಾರರನ್ನು ಇಷ್ಟೊಂದು ಕೊಟ್ಟ ಸೀಮೆಗೆ ಇದು ಒಪ್ಪುತ್ತದೆ.) ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಕಂಬರ್ಲೆಂಡ್‌ನಲ್ಲಿ ಒಂದೂ ವೃತ್ತಿಪರ ರಗ್ಬಿ ಲೀಗ್ ಕ್ಲಬ್ಬಿರಲಿಲ್ಲ. ವರ್ಕಿಂಗ್‌ಟನ್, ವೈಟ್‌ಹೇವನ್ ಕ್ಲಬ್ಬುಗಳು ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಹೀಗಾಗಿ ಮೈಕಟ್ಟು ಚೆನ್ನಾಗಿದ್ದ ಹುಡುಗರನ್ನು ದಕ್ಷಿಣದ ಲ್ಯಾಂಕಶೈರ್, ಯಾರ್ಕ್‌ಶೈರ್ ಕ್ಲಬ್ಬುಗಳು ಬಂದು ಒಯ್ಯುತ್ತಿದ್ದವು. 1927ರಲ್ಲಿ, ಇನ್ನೂ ಹದಿನೇಳರ ಹುಡುಗನಾಗಿದ್ದಾಗ, ಹಾಡ್ಜ್‌ಸನ್ ಸ್ವಿಂಟನ್ ಸೇರಿದ.

ಆಟದ ಬಗ್ಗೆ ನಾಲ್ಕು ಮಾತು ಹೇಳಬೇಕು. ರಗ್ಬಿ ಎರಡು. ಒಂದು ತಂಡಕ್ಕೆ ಹದಿನೈದು ಜನರಿರುವ ಯೂನಿಯನ್. ಇನ್ನೊಂದು ಹದಿಮೂರು ಜನರ ಲೀಗ್. ಇವು ಬೇರೆಯಾದದ್ದು 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ. ಜಗಳದ ಮೂಲ ಕೂಲಿ. ಶನಿವಾರ ಗಣಿಯಲ್ಲೋ ಗಿರಣಿಯಲ್ಲೋ ಅರ್ಧ ದಿನದ ದುಡಿಮೆ ಬಿಟ್ಟು ಆಡಲು ಬರುವವನಿಗೆ ಆ ನಷ್ಟ ತುಂಬಿಕೊಡಬೇಕು ಎಂದು ಉತ್ತರದ ಕ್ಲಬ್ಬುಗಳು ಕೇಳಿದವು. ಆಟಕ್ಕೆ ಕಾಸು ಮುಟ್ಟುವುದೇ ಮೈಲಿಗೆ ಎಂದು ಲಂಡನ್ನಿನ ಸಿರಿವಂತರ ಮಂಡಳಿ ಒಪ್ಪಲಿಲ್ಲ. ಉತ್ತರದವರು ಹೊರಬಂದು ದಿನಕ್ಕೆ ಆರು ಶಿಲಿಂಗ್ ಮಿತಿಯಲ್ಲಿ ನಷ್ಟಭರ್ತಿ ಕೊಡಲು ಶುರುಮಾಡಿದರು. ಅಲ್ಲಿಂದ ಮುಂದೆ ನೂರು ವರ್ಷ, 1995ರವರೆಗೆ, ಲೀಗ್‌ನಲ್ಲಿ ದುಡ್ಡಿಗೆ ಆಡಿದವನಿಗೆ ಯೂನಿಯನ್ನಿನ ಬಾಗಿಲು ಮುಚ್ಚಿತ್ತು. ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಯಾರು ಯಾರ ಪಂಕ್ತಿಯಲ್ಲಿ ಕೂರಬಾರದು ಎಂಬ ಲೆಕ್ಕ ನಮಗೂ ಗೊತ್ತಿರುವುದೇ. ಆ ಮೈಲಿಗೆ ಎಷ್ಟು ಆಳವಾಗಿತ್ತು ಎಂಬುದಕ್ಕೆ ಒಂದೇ ಪುರಾವೆ ಸಾಕು. ರಗ್ಬಿ ಲೀಗ್ ಆಟಗಾರನೊಬ್ಬನಿಗೆ ಬ್ರಿಟನ್ನಿನ ರಾಜಮನೆತನ ಮೊದಲ ಬಾರಿಗೆ ‘ಸರ್’ ಪದವಿ ಕೊಟ್ಟದ್ದು 2025ರ ಜೂನ್‌ನಲ್ಲಿ. ವಿಗನ್ ಕ್ಲಬ್ಬಿನ ಬಿಲ್ಲಿ ಬಾಸ್ಟನ್‌ಗೆ ಅದು ಸಿಗುವ ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು, ಆಟಕ್ಕೆ ನೂರಮೂವತ್ತು ತುಂಬುವುದರಲ್ಲಿತ್ತು.

ಹದಿಮೂರು ಜನರಲ್ಲಿ ಆರು ಮಂದಿ ಫಾರ್ವರ್ಡ್‌ಗಳು. ಚೆಂಡು ಹಿಡಿದು ಎದುರಾಳಿಗಳ ಗೋಡೆಗೆ ನುಗ್ಗುವುದು, ನುಗ್ಗಿ ಬಂದವನನ್ನು ಕೆಡವುವುದು, ಸ್ಕ್ರಮ್ಮಿನಲ್ಲಿ ಭುಜಕ್ಕೆ ಭುಜ ಕೊಟ್ಟು ತಳ್ಳುವುದು ಇವರ ಕೆಲಸ. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಕವರ್ ಹಿಡಿಯುವವರು ತಡೆಯುವಂತೆ ಎನ್ನಬಹುದು. ವ್ಯತ್ಯಾಸವೆಂದರೆ ಇಲ್ಲಿ ಹಿಡಿತ ಬಿಟ್ಟ ಮರುಕ್ಷಣ ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕುರುಳಿಸಿ, ಮತ್ತೆ ಆಟ ಶುರುಮಾಡುತ್ತಾನೆ. ಇಂದು ಒಂದು ತಂಡ ಆರು ಬಾರಿ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ ಹೋಗುತ್ತದೆ. ಹಾಡ್ಜ್‌ಸನ್ ಕಾಲದಲ್ಲಿ ಆ ಮಿತಿಯೇ ಇರಲಿಲ್ಲ. ಅದು ಬಂದದ್ದು 1966ರಲ್ಲಿ, ಮೊದಲು ನಾಲ್ಕು ಎಂದು. ಬದಲಿ ಆಟಗಾರನೂ ಇರಲಿಲ್ಲ. ಎಂಬತ್ತು ನಿಮಿಷ ಅದೇ ಹದಿಮೂರು ಜನ. ಮೂಳೆ ಮುರಿದರೆ ಮುರಿದವನನ್ನು ಬಿಟ್ಟು ಉಳಿದವರು. ಇಂದಿನ ಭಾರೀ ಗಾತ್ರದ ಪ್ರಾಪ್ ಆಟಗಾರ ಇಪ್ಪತ್ತು–ಇಪ್ಪತ್ತೈದು ನಿಮಿಷ ನುಗ್ಗಾಡಿ ಬೆಂಚಿಗೆ ಬಂದು ಕೂತು ಉಸಿರೆಳೆದುಕೊಂಡು ಮತ್ತೆ ಹೋಗುತ್ತಾನೆ. ಅಂದಿನವನಿಗೆ ಅಂಥ ಅನುಕೂಲವಿರಲಿಲ್ಲ, ಹಾಗಾಗಿ ಅವನ ಮೈ ಬೇರೆ ಥರ ಇರುತ್ತಿತ್ತು: ಗಾತ್ರಕ್ಕಿಂತ ತಾಳಿಕೆ.

ಹಾಡ್ಜ್‌ಸನ್ ಆಡಿದ್ದು ಸೆಕೆಂಡ್ ರೋ ಜಾಗದಲ್ಲಿ, ಅಂದರೆ ಸ್ಕ್ರಮ್ಮಿನ ಎರಡನೆಯ ಸಾಲಿನಲ್ಲಿ. ತಳ್ಳುವ ಕಸುವು ಬೇಕು, ಸ್ಕ್ರಮ್ ಮುರಿದ ಕೂಡಲೇ ಓಡುವ ಕಾಲೂ ಬೇಕು. ಅವನಿಗೆ ಎರಡೂ ಇತ್ತು, ಜೊತೆಗೆ ಮೂರನೆಯದೊಂದಿತ್ತು: ಗೋಲಿಗೆ ಒದೆಯುವ ಕಾಲು. ಒಂದು ಟ್ರೈಗೆ ಮೂರು ಅಂಕ, ಒಂದು ಗೋಲಿಗೆ ಎರಡು ಅಂಕ ಇದ್ದ ಕಾಲವದು. ಟ್ರೈ ಎಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಒತ್ತುವುದು. ಗೋಲೆಂದರೆ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ದಾಟಿಸುವುದು. ಮಳೆಗೆ ಕೆಸರಾದ ಲ್ಯಾಂಕಶೈರಿನ ನೆಲದಲ್ಲಿ ಟ್ರೈ ಸುಲಭಕ್ಕೆ ದಕ್ಕುತ್ತಿರಲಿಲ್ಲ. ಅಂಥ ದಿನ ದೂರದಿಂದ ಒದೆಯಬಲ್ಲವನೇ ಪಂದ್ಯ ತಿರುಗಿಸುತ್ತಿದ್ದ.

ಅವನು ಸೇರಿದ ಮರು ಋತುವಿನಲ್ಲೇ, 1927–28ರಲ್ಲಿ, ಸ್ವಿಂಟನ್ ಆ ವರ್ಷ ಗೆಲ್ಲಬಹುದಾದ ನಾಲ್ಕೂ ಕಪ್ಪುಗಳನ್ನು ಗೆದ್ದಿತು. ಲ್ಯಾಂಕಶೈರ್ ಕಪ್ ಫೈನಲ್‌ನಲ್ಲಿ ವಿಗನ್ ವಿರುದ್ಧ 5–2. ಲ್ಯಾಂಕಶೈರ್ ಲೀಗ್ ಪಟ್ಟ. ಚಾಲೆಂಜ್ ಕಪ್ ಫೈನಲ್‌ನಲ್ಲಿ ವಾರಿಂಗ್ಟನ್ ವಿರುದ್ಧ 5–3. ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಫೆದರ್‌ಸ್ಟೋನ್ ವಿರುದ್ಧ 11–0. ಅಂಕಗಳನ್ನು ಗಮನಿಸಿ: ಮೂರು ಫೈನಲ್‌ಗಳಲ್ಲಿ ಎದುರಾಳಿಗೆ ಕೊಟ್ಟದ್ದು ಒಟ್ಟು ಐದು ಅಂಕ. ಇದು ಫಾರ್ವರ್ಡ್‌ಗಳು ಗೆದ್ದುಕೊಟ್ಟ ಋತು. ಹೀಗೆ ನಾಲ್ಕನ್ನೂ ಒಂದೇ ವರ್ಷ ಗೆದ್ದ ಕ್ಲಬ್ಬುಗಳು ಆಟದ ಚರಿತ್ರೆಯಲ್ಲಿ ಮೂರೇ: 1907–08ರಲ್ಲಿ ಹನ್ಸ್‌ಲೆಟ್, 1914–15ರಲ್ಲಿ ಹಡರ್ಸ್‌ಫೀಲ್ಡ್, ಕೊನೆಯದಾಗಿ ಸ್ವಿಂಟನ್. ಆಮೇಲೆ 1930–31 ಮತ್ತು 1934–35ರಲ್ಲಿ ಮತ್ತೆರಡು ಚಾಂಪಿಯನ್ ಪಟ್ಟಗಳು ಬಂದವು. ಹಾಡ್ಜ್‌ಸನ್ ಬ್ರಿಟನ್ ಪರವಾಗಿ 16 ಟೆಸ್ಟ್ ಆಡಿದ. 1932 ಮತ್ತು 1936ರಲ್ಲಿ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ; ಎರಡು ಸರಣಿಗಳನ್ನೂ ಬ್ರಿಟನ್ 2–1ರಿಂದ ಗೆದ್ದಿತು. 1932ರ ಮೊದಲ ಟೆಸ್ಟ್ ನೋಡಲು ಸಿಡ್ನಿಯಲ್ಲಿ ಸೇರಿದವರು 70,204 ಜನ.

ಇದೇ ಸರಣಿ ಈಗಲೂ ನಡೆಯುತ್ತದೆ. 2025ರ ಶರತ್ಕಾಲದಲ್ಲಿ ಆಸ್ಟ್ರೇಲಿಯಾ ಇಂಗ್ಲೆಂಡಿಗೆ ಬಂದು 26–6, 14–4, 30–8ರಿಂದ ಮೂರೂ ಟೆಸ್ಟ್ ಗೆದ್ದು ಹೋಯಿತು. ಕ್ರಿಕೆಟ್ಟಿನಂತೆ ಇಲ್ಲೂ ಆಶಸ್ ಎಂದೇ ಕರೆಯುವ ಈ ಸರಣಿಯನ್ನು ಬ್ರಿಟನ್ ಕೊನೆಯ ಬಾರಿ ಗೆದ್ದದ್ದು 1970ರಲ್ಲಿ.

ಸರಿ, ಆ ಕಾಲದ ಆರ್ಥಿಕತೆಗೆ ಬರೋಣ. ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರಿಕೊಂಡಿದೆ. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಕಳಿಸಿದ ಸೀಮೆಗಳಲ್ಲಿ ಧಾರವಾಡವೂ ಒಂದು; ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದ ಬೀಜ ತಂದು ಇಲ್ಲಿ ಬೆಳೆಸಿದ ತಳಿಗೆ ‘ಧಾರವಾಡ–ಅಮೆರಿಕನ್’ ಎಂದೇ ಹೆಸರಿತ್ತು. ಆ ಗಿರಣಿಗಳು ನೇಯ್ದ ಬಟ್ಟೆ ತಿರುಗಿ ಭಾರತದ ಸಂತೆಗಳಿಗೇ ಬರುತ್ತಿತ್ತು. ಮೊದಲ ಮಹಾಯುದ್ಧದ ನಂತರ ಭಾರತದ ಸ್ವಂತ ಗಿರಣಿಗಳು, ಜಪಾನಿನ ಅಗ್ಗದ ಬಟ್ಟೆ, ಆಮದು ಸುಂಕ, ಕೊನೆಗೆ ವಿದೇಶಿ ವಸ್ತ್ರ ಬಹಿಷ್ಕಾರ ಎಲ್ಲ ಸೇರಿ ಆ ವ್ಯಾಪಾರದ ಬೆನ್ನು ಮುರಿದವು. 1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಲ್ಯಾಂಕಶೈರಿನ ಡಾರ್ವೆನ್‌ಗೆ ಹೋಗಿ, ಕೆಲಸ ಕಳೆದುಕೊಂಡ ಗಿರಣಿ ಕಾರ್ಮಿಕರ ಎದುರು ನಿಂತು ಮಾತನಾಡಿದರು. ಗಿರಣಿಯ ಹೆಂಗಸರು ಅವರನ್ನು ಸುತ್ತುವರಿದು ಜಯಕಾರ ಹಾಕುತ್ತಿರುವ ಫೋಟೋ ನೀವು ನೋಡಿರುತ್ತೀರಿ. ಆ ತಿಂಗಳು ಇಂಗ್ಲೆಂಡಿನ ರಗ್ಬಿ ಲೀಗ್ ಚಾಂಪಿಯನ್ ತಂಡ ಅದೇ ಲ್ಯಾಂಕಶೈರಿನ ಸ್ವಿಂಟನ್. ಊರೂರಿಗೆ ನಿರುದ್ಯೋಗ, ಆದರೂ ಕ್ಲಬ್ಬು ಗಟ್ಟಿ.

ಹೇಗೆ? ಒಂದು, ಆಟಗಾರರ ಸಂಬಳದ ಭಾರ ಕ್ಲಬ್ಬಿನ ಮೇಲೆ ಪೂರ್ತಿ ಇರಲಿಲ್ಲ. ಹೆಚ್ಚಿನವರು ವಾರವಿಡೀ ಬೇರೆ ಕೆಲಸ ಮಾಡಿ ಪಂದ್ಯಕ್ಕೆ ಇಷ್ಟು ಎಂದು ಪಡೆಯುತ್ತಿದ್ದರು. ಗೆದ್ದರೆ ಹೆಚ್ಚು, ಸೋತರೆ ಕಡಿಮೆ. ಎರಡು, ಪ್ರೇಕ್ಷಕರು ನಡೆದುಕೊಂಡೇ ಬರುವಷ್ಟು ಹತ್ತಿರದಲ್ಲಿದ್ದರು. ಮೂರನೆಯದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ಸ್ವಿಂಟನ್ ಆಗತಾನೇ ಸ್ವಂತ ನೆಲ ಕೊಂಡಿತ್ತು.

ನಾಲ್ಕು ಕಪ್ ಗೆದ್ದಾಗ ಅವರು ಆಡುತ್ತಿದ್ದದ್ದು ಚೋರ್ಲಿ ರಸ್ತೆಯ ಬಾಡಿಗೆ ಜಾಗದಲ್ಲಿ. ಭೂಮಾಲೀಕನೊಂದಿಗೆ ಬಾಡಿಗೆಯ ತಕರಾರು ಬಂತು. ನಾಲ್ಕು ಕಪ್ಪಿನ ಹುರುಪಿನಲ್ಲಿದ್ದ ಕ್ಲಬ್ಬು ಹತ್ತಿರದ ಸ್ಟೇಷನ್ ರಸ್ತೆಯಲ್ಲಿ ಜಾಗ ಕೊಂಡು, 1929ರಲ್ಲಿ ಹೊಸ ಮೈದಾನ ತೆರೆಯಿತು. ಅದೇ ಸ್ಟೇಷನ್ ರಸ್ತೆಯ ಮನೆಯೊಂದರಲ್ಲಿ ಆಗ ಚಿತ್ರಕಾರ ಎಲ್. ಎಸ್. ಲೌರಿ ವಾಸವಾಗಿದ್ದರು. ಹಗಲು ಅವರದು ಮನೆ ಮನೆಗೆ ಹೋಗಿ ಬಾಡಿಗೆ ವಸೂಲಿ ಮಾಡುವ ಗುಮಾಸ್ತಿಕೆ. ರಾತ್ರಿ ಗಿರಣಿ ಚಿಮಣಿಗಳ ಕೆಳಗೆ ಕಡ್ಡಿಯಂಥ ಮನುಷ್ಯರು ಸಾಲುಗಟ್ಟಿ ನಡೆಯುವ ಚಿತ್ರ ಬರೆಯುತ್ತಿದ್ದರು. ಆ ಕಡ್ಡಿ ಮನುಷ್ಯರಲ್ಲಿ ಎಷ್ಟು ಮಂದಿ ಶನಿವಾರ ಮಧ್ಯಾಹ್ನ ಲೌರಿಯ ಬಾಗಿಲ ಮುಂದೆಯೇ ಹಾದು ಪಂದ್ಯಕ್ಕೆ ಹೋಗಿರಬಹುದು ಎಂದು ನಾನು ಸುಮ್ಮನೆ ಊಹಿಸಿಕೊಳ್ಳುತ್ತೇನೆ.

ಮೈದಾನ ತೆರೆದ ವರ್ಷ ತುಂಬುವ ಮೊದಲೇ ಅಲ್ಲಿ ಟೆಸ್ಟ್ ಪಂದ್ಯ ನಡೆಯಿತು. 1930ರ ಜನವರಿ 4. ಬ್ರಿಟನ್ ಒಂದು, ಆಸ್ಟ್ರೇಲಿಯಾ ಒಂದು ಗೆದ್ದು ಸರಣಿ ಸಮವಾಗಿತ್ತು, ಇದು ಮೂರನೆಯದು. ಸೇರಿದವರು ಮೂವತ್ತನಾಲ್ಕು ಸಾವಿರ ದಾಟಿದ್ದರು. ಕೊನೆಯ ನಿಮಿಷಗಳವರೆಗೂ 0–0. ಆಸ್ಟ್ರೇಲಿಯಾದ ಜೋ ಬುಷ್ ಚೆಂಡು ಹಿಡಿದು ಮೂಲೆಗೆ ನುಗ್ಗಿದ. ಸ್ವಿಂಟನ್ನಿನದೇ ಫಾರ್ವರ್ಡ್ ಫ್ರೆಡ್ ಬಟರ್ಸ್ ಅವನ ಮೇಲೆ ಬಿದ್ದ. ಇಬ್ಬರೂ, ಮೂಲೆಯ ಕಂಬವೂ, ಒಂದೇ ರಾಶಿಯಾಗಿ ನೆಲಕ್ಕೆ. ರೆಫರಿ ಟ್ರೈ ಕೊಡುವುದರಲ್ಲಿದ್ದ. ಗೆರೆಯ ಅಂಪೈರ್ ಆಲ್ಬರ್ಟ್ ವೆಬ್‌ಸ್ಟರ್ ಬಾವುಟ ಎತ್ತಿದ, ಕಂಬ ಮೊದಲು ಬಿತ್ತು ಎಂದು. ಟ್ರೈ ಇಲ್ಲ. ಪಂದ್ಯ 0–0. ಸರಣಿ ತೀರ್ಮಾನಿಸಲು ಹನ್ನೊಂದು ದಿನದ ನಂತರ ರಾಚ್‌ಡೇಲ್ ಊರಿನ ಅಥ್ಲೆಟಿಕ್ ಗ್ರೌಂಡ್ಸ್‌ನಲ್ಲಿ ನಾಲ್ಕನೆಯ ಟೆಸ್ಟ್ ಇಟ್ಟರು. ಬ್ರಿಟನ್ 3–0ರಿಂದ ಗೆದ್ದಿತು. ಆಸ್ಟ್ರೇಲಿಯನ್ನರು ಬುಷ್‌ನ ಟ್ರೈ ಬಗ್ಗೆ ಇಂದಿಗೂ ಗೊಣಗುತ್ತಾರೆ.

ಹತ್ತು ವರ್ಷದ ಮೇಲೆ ಅದೇ ರಾಚ್‌ಡೇಲ್ ಮೈದಾನಕ್ಕೆ ಹಾಡ್ಜ್‌ಸನ್ ಸ್ವಿಂಟನ್ ತಂಡದೊಂದಿಗೆ ಬಂದ. 1940ರ ಏಪ್ರಿಲ್ 13. ಯುದ್ಧ ಶುರುವಾಗಿತ್ತು, ಅವನಿಗೆ ಮೂವತ್ತೊಂದು ತುಂಬಿತ್ತು. ಪೆನಾಲ್ಟಿ ಸಿಕ್ಕಿತು. ಅಂದಿನ ಕ್ರಮವೆಂದರೆ ಹಿಮ್ಮಡಿಯಿಂದ ನೆಲ ಕೆದಕಿ ಸಣ್ಣ ಕುಳಿ ಮಾಡಿ, ತೊಗಲಿನ ಚೆಂಡನ್ನು ಅದರಲ್ಲಿ ನಿಲ್ಲಿಸಿ, ನೇರ ಓಡಿ ಬಂದು ಬೂಟಿನ ಮೂತಿಯಿಂದ ಒದೆಯುವುದು. ಚೆಂಡು ಕಂಬಗಳ ನಡುವೆ ಹೋಯಿತು. ಆಮೇಲೆ ದೂರ ಅಳೆದರು: 77¾ ಗಜ. ನಮ್ಮ ಕಣ್ಣಳತೆಗೆ ಹೇಳುವುದಾದರೆ, ಇಪ್ಪತ್ತೆರಡು ಗಜದ ಕ್ರಿಕೆಟ್ ಪಿಚ್ಚುಗಳನ್ನು ಒಂದರ ಹಿಂದೊಂದು ಮೂರೂವರೆ ಜೋಡಿಸಿದಷ್ಟು. ಮೈದಾನ ಪೂರ್ತಿ 110 ಗಜ ಇತ್ತೆಂದುಕೊಂಡರೆ ಅವನು ಒದ್ದದ್ದು ತನ್ನದೇ ಅರ್ಧದೊಳಗಿನಿಂದ, ನಡುಗೆರೆಗಿಂತ ಒಂದು ಪಿಚ್ಚಿನಷ್ಟು ಹಿಂದಿನಿಂದ. ಸಿಕ್ಕಿದ್ದು ಎರಡು ಅಂಕ. ಬ್ರಿಟನ್ನಿನ ದಾಖಲೆ ಪುಸ್ತಕಗಳಲ್ಲಿ ಅತಿ ದೂರದ ಗೋಲೆಂದು ಅದೇ ನಿಂತಿದೆ.

ಆ ಗೋಲು ಬಿದ್ದ ಅಥ್ಲೆಟಿಕ್ ಗ್ರೌಂಡ್ಸ್ ಈಗ ಇಲ್ಲ. 1988ರಲ್ಲಿ ಮಾರಾಟವಾಯಿತು, ಅಲ್ಲಿ ಸೂಪರ್‌ಮಾರ್ಕೆಟ್ ಇದೆ. ಸ್ವಿಂಟನ್ ಚಾಲೆಂಜ್ ಕಪ್ ಗೆದ್ದ ವಿಗನ್ನಿನ ಸೆಂಟ್ರಲ್ ಪಾರ್ಕ್ 1999ರಲ್ಲಿ ನೆಲಸಮವಾಯಿತು, ಅಲ್ಲೂ ಸೂಪರ್‌ಮಾರ್ಕೆಟ್. ಉಳಿದೆರಡು ಫೈನಲ್ ಗೆದ್ದ ಓಲ್ಡಮ್‌ನ ವಾಟರ್‌ಶೆಡಿಂಗ್ಸ್ 1997ರಲ್ಲಿ ಹೋಯಿತು, ಮನೆಗಳು ಬಂದವು. ನಾಲ್ಕು ಕಪ್ ಗೆದ್ದ ಮೂರು ಕ್ಲಬ್ಬುಗಳನ್ನೇ ತೆಗೆದುಕೊಳ್ಳಿ. ಹನ್ಸ್‌ಲೆಟ್ ತನ್ನ ಪಾರ್ಕ್‌ಸೈಡ್ ಮೈದಾನವನ್ನು 1970ರ ದಶಕದ ಆರಂಭದಲ್ಲೇ ಕಳೆದುಕೊಂಡಿತು. ಹಡರ್ಸ್‌ಫೀಲ್ಡ್ ತನ್ನ ಫಾರ್ಟೌನ್ ಬಿಟ್ಟದ್ದು 1992ರಲ್ಲಿ. ಸ್ವಿಂಟನ್ ಸ್ಟೇಷನ್ ರಸ್ತೆಯನ್ನು ಮಾರಿದ್ದೂ 1992ರಲ್ಲಿ, ಮನೆ ಕಟ್ಟುವವರಿಗೆ. ಅದರ ಹಿಂದಿನ ವರ್ಷ ಹಾಡ್ಜ್‌ಸನ್ ತೀರಿಕೊಂಡಿದ್ದ.

ಇಷ್ಟೊಂದು ಮೈದಾನಗಳು ಒಂದೇ ಕಾಲಘಟ್ಟದಲ್ಲಿ ಮಾರಾಟವಾದದ್ದು ಕಾಕತಾಳೀಯವಲ್ಲ. 1985ರ ಮೇ 11ರಂದು ಬ್ರಾಡ್‌ಫರ್ಡ್‌ನ ಫುಟ್‌ಬಾಲ್ ಮೈದಾನದಲ್ಲಿ ಮರದ ಗ್ಯಾಲರಿಗೆ ಬೆಂಕಿ ಬಿದ್ದು 56 ಜನ ಸತ್ತರು. 1989ರಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ ನೂಕುನುಗ್ಗಲಿನ ದುರಂತ. ಸುರಕ್ಷತೆಯ ಕಾನೂನು ಬಿಗಿಯಾಯಿತು, ಬಿಗಿಯಾಗಲೇಬೇಕಿತ್ತು. ಆದರೆ ರಗ್ಬಿ ಲೀಗ್‌ನ ಹೆಚ್ಚಿನ ಗ್ಯಾಲರಿಗಳು ಅದೇ ಹಳೆಯ ಮರದವು. ಅಷ್ಟು ಹೊತ್ತಿಗೆ ಗಿರಣಿ, ಗಣಿ ಮುಚ್ಚಿ ಪ್ರೇಕ್ಷಕರೂ ಕರಗಿದ್ದರು. ಕೆಲವೇ ಸಾವಿರ ಜನ ಬರುವ ಕ್ಲಬ್ಬಿಗೆ ಗ್ಯಾಲರಿ ರಿಪೇರಿಯ ಖರ್ಚು ಹೊರಲಾಗದ ಹೊರೆ. ಅದೇ ಹೊತ್ತಿಗೆ ಸೂಪರ್‌ಮಾರ್ಕೆಟ್ ಕಂಪನಿಗಳು ಊರ ನಡುವಿನ ಸಮತಟ್ಟು ಜಾಗಕ್ಕಾಗಿ ಚೀಲ ಹಿಡಿದು ಕಾಯುತ್ತಿದ್ದವು. ತಾತ ಕೊಂಡಿಟ್ಟ ಹೊಲ ಮಾರಿ ಸಾಲ ತೀರಿಸಿದ ಮೊಮ್ಮಗನ ಕಥೆ ನಮಗೆ ಗೊತ್ತಿರುವುದೇ. ಸಾಲ ತೀರುತ್ತದೆ. ಮರುವರ್ಷದ ಖರ್ಚಿಗೆ ಮಾರಲು ಏನೂ ಉಳಿದಿರುವುದಿಲ್ಲ.

ಸ್ವಿಂಟನ್ ಬರಿಯ ಬಡಕ್ಲಬ್ಬಾಗಿದ್ದಾಗ ಮೈದಾನ ಮಾರಿದ್ದಲ್ಲ ಎಂಬುದನ್ನು ಗಮನಿಸಬೇಕು. 1991–92ರಲ್ಲಿ ಅದು ಮೊದಲ ದರ್ಜೆಯಲ್ಲೇ ಆಡಿತ್ತು. ಆ ಋತುವಿನಲ್ಲಿ ಕೆಳಗಿಳಿಯಿತು, ಮೈದಾನ ಹೋಯಿತು, ಬರಿ ಎಂಬ ಊರಿನ ಫುಟ್‌ಬಾಲ್ ಮೈದಾನಕ್ಕೆ ಹತ್ತು ವರ್ಷದ ವಲಸೆ ಶುರುವಾಯಿತು. ನಡೆದುಕೊಂಡು ಬರುತ್ತಿದ್ದವನು ಎರಡು ಬಸ್ ಹಿಡಿಯಬೇಕಾಯಿತು. ಎಷ್ಟು ಮಂದಿ ಹಿಡಿದಾರು? ಅಲ್ಲಿಂದ ಮುಂದೆ ಸ್ವಿಂಟನ್ ಮೇಲಿನ ದರ್ಜೆಯ ಮುಖ ಕಂಡಿಲ್ಲ. ಊರಿಗೆ ಮರಳುವ ಯೋಜನೆಗಳು ಕಾಗದ ದಾಟಲಿಲ್ಲ. ಈಗ ಅದು ಆಡುವ ಸೇಲ್‌ನ ಹೇವುಡ್ ರೋಡ್ ಒಂದು ರಗ್ಬಿ ಯೂನಿಯನ್ ಕ್ಲಬ್ಬಿನ ಮೈದಾನ. ನೂರು ವರ್ಷ ಯಾರು ತಮ್ಮ ಪಂಕ್ತಿಯಿಂದ ಎಬ್ಬಿಸಿದರೋ ಅವರದೇ ಜಗುಲಿಯಲ್ಲಿ ಆಶ್ರಯ.

2019ರಲ್ಲಿ ಕ್ಲಬ್ಬಿನ ಆಡಳಿತಕ್ಕೆ ಒಂದು ಉಪಾಯ ಹೊಳೆಯಿತು. ಹೆಸರನ್ನು ‘ಮ್ಯಾಂಚೆಸ್ಟರ್ ಲಯನ್ಸ್’ ಎಂದು ಬದಲಿಸಿದರೆ ಪ್ರಾಯೋಜಕರು ಬರುತ್ತಾರೆ ಎಂದು. ಅಭಿಮಾನಿಗಳು ಕೆರಳಿದರು, ಪ್ರಸ್ತಾವ ಹಿಂದಕ್ಕೆ ಹೋಯಿತು. ನೆಲ ಹೋದ ಮೇಲೆ ಉಳಿದಿದ್ದದ್ದು ಹೆಸರೊಂದೇ. ಅದನ್ನೂ ಕೊಡಿ ಎಂದರೆ ಯಾರು ತಾನೇ ಸುಮ್ಮನಿದ್ದಾರು? ಈ ‘ಮ್ಯಾಂಚೆಸ್ಟರ್’ ಹಂಬಲ ಹೊಸದೇನಲ್ಲ. 1995ರಲ್ಲಿ ಸೂಪರ್ ಲೀಗ್ ಎಂಬ ಹೊಸ ಟೂರ್ನಿಗೆ ಟಿ.ವಿ. ಕಂಪನಿ 8.7 ಕೋಟಿ ಪೌಂಡ್ ಕೊಡಲು ಬಂದಾಗ, ಸಾಲ್ಫರ್ಡ್ ಮತ್ತು ಓಲ್ಡಮ್ ಕ್ಲಬ್ಬುಗಳನ್ನು ಒಂದುಗೂಡಿಸಿ ‘ಮ್ಯಾಂಚೆಸ್ಟರ್’ ಮಾಡಿ ಎಂಬ ಸೂಚನೆ ಇತ್ತು. ಅದೂ ಪ್ರತಿಭಟನೆಯಲ್ಲಿ ಮುಳುಗಿತು. ಟಿ.ವಿ. ಹಣ ಮಾತ್ರ ಬಂತು. ಅದರೊಂದಿಗೆ ಮೇಲಿನ ದರ್ಜೆಯ ಆಟಗಾರರು ಪೂರ್ಣಾವಧಿ ಸಂಬಳದವರಾದರು. ಹಾಡ್ಜ್‌ಸನ್ ಕಾಲದ ಅತಿ ದೊಡ್ಡ ಉಳಿತಾಯವೇ ಹೋಯಿತು.

ಸಾಲ್ಫರ್ಡಿನ ಕಥೆ ಇದೇ ದಾರಿಯಲ್ಲಿ ಇಪ್ಪತ್ತು ವರ್ಷ ತಡವಾಗಿ ನಡೆಯಿತು. ತನ್ನ ಹಳೆಯ ಮೈದಾನ ‘ದ ವಿಲ್ಲೋಸ್’ ಅನ್ನು 2011ರಲ್ಲಿ ಬಿಟ್ಟು ಊರಾಚೆಯ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಹೊಸದು ಚೆಂದ, ಆದರೆ ಕ್ಲಬ್ಬಿನದಲ್ಲ. ಅಲ್ಲಿ ಅದು ಬಾಡಿಗೆದಾರ. ಪಂದ್ಯದ ದಿನದ ತಿಂಡಿ–ಬಿಯರಿನ ಲಾಭವಾಗಲೀ, ಉಳಿದ ಮುನ್ನೂರು ದಿನ ಜಾಗ ಬಾಡಿಗೆಗೆ ಕೊಟ್ಟ ವರಮಾನವಾಗಲೀ ಬಾಡಿಗೆದಾರನ ಕೈಗೆ ಸುಲಭಕ್ಕೆ ಬರುವುದಿಲ್ಲ. 2025ರ ಆರಂಭದಲ್ಲಿ ಹೊಸ ಮಾಲೀಕರು ಬಂದರು, ಹಣ ಬರುತ್ತದೆ ಎಂದರು. ಸಂಬಳ ತಡವಾಗುತ್ತಾ ಹೋಯಿತು. ಆಟದ ಮಂಡಳಿ ಸಂಬಳದ ಮೇಲೆ 12 ಲಕ್ಷ ಪೌಂಡಿನ ಕಡಿವಾಣ ಹಾಕಿತು. ಸೂಪರ್ ಲೀಗ್‌ನ ಮೊದಲ ಪಂದ್ಯಕ್ಕೆ ಸಾಲ್ಫರ್ಡ್ ಎಳೆಯ ಹುಡುಗರನ್ನು ಇಳಿಸಿ ಸೇಂಟ್ ಹೆಲೆನ್ಸ್ ವಿರುದ್ಧ 82–0ರಿಂದ ಸೋತಿತು. ಋತುವಿಡೀ ಒಬ್ಬೊಬ್ಬರಾಗಿ ಆಟಗಾರರು ಹೋದರು, ಡಿಸೆಂಬರ್‌ನಲ್ಲಿ ಕೋರ್ಟು ಬಾಗಿಲು ಹಾಕಿತು. ಕೆಳ ದರ್ಜೆಯಲ್ಲಿ ಅದೇ ಊರಿನ ಹೆಸರಿನಲ್ಲಿ ಹೊಸ ಕ್ಲಬ್ಬೊಂದನ್ನು ಈಗ ಕಟ್ಟಿಕೊಂಡಿದ್ದಾರೆ.

ಇದರ ನಡುವೆ ಆಟದ ಮಂಡಳಿ ಕ್ಲಬ್ಬುಗಳಿಗೆ ಅಂಕ ಕೊಡುವ ಪದ್ಧತಿ ತಂದಿದೆ. ಐಎಂಜಿ ಎಂಬ ಕ್ರೀಡಾ ವ್ಯವಹಾರದ ಕಂಪನಿ ರೂಪಿಸಿದ ಈ ಲೆಕ್ಕದಲ್ಲಿ ಒಟ್ಟು 20 ಅಂಕ: ಆಟದ ಸಾಧನೆಗೆ 5, ಅಭಿಮಾನಿ ಬಳಗಕ್ಕೆ 5, ಹಣಕಾಸಿಗೆ 4.5, ಕ್ರೀಡಾಂಗಣಕ್ಕೆ 3, ಊರಿನ ನಂಟಿಗೆ 2.5. ಯಾರು ಮೇಲಿನ ದರ್ಜೆಯಲ್ಲಿರಬೇಕು ಎಂಬುದು ಪಂದ್ಯಗಳ ಸೋಲು ಗೆಲುವಿಗಿಂತ ಈ ಪಟ್ಟಿಯ ಮೇಲೆ ನಿಂತಿದೆ. ಉದ್ದೇಶ ಕೆಟ್ಟದ್ದಲ್ಲ; ಭದ್ರವಾದ ಕ್ಲಬ್ಬುಗಳು ಬೇಕು ಎಂಬುದೇ ಅದರ ಆಸೆ. ಆದರೆ ಅಂಕಕ್ಕಾಗಿ ಕ್ಲಬ್ಬುಗಳು ದೊಡ್ಡ ಪರದೆ, ಎಲ್‌ಇಡಿ ಜಾಹೀರಾತು ಹಲಗೆ ಹಾಕಿಸಲು ಓಡಾಡುವುದನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಮಾತು ನೆನಪಾಗದೆ ಇರುವುದಿಲ್ಲ. ಮೂವತ್ತು ವರ್ಷದ ಹಿಂದೆ ನೆಲ ಮಾರಿಕೊಂಡವನಿಗೆ ಈ ಪರೀಕ್ಷೆಯಲ್ಲಿ ಪಾಸಾಗುವ ದಾರಿ ಯಾವುದು ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ನನ್ನ ವಾದಕ್ಕೆ ಎದುರು ನಿಲ್ಲುವ ಉದಾಹರಣೆಗಳಿವೆ, ಮುಚ್ಚಿಡಬಾರದು. ವಿಗನ್ ಸೆಂಟ್ರಲ್ ಪಾರ್ಕ್ ಬಿಟ್ಟು ಪರರ ಕ್ರೀಡಾಂಗಣಕ್ಕೆ ಹೋಯಿತು, ಆದರೂ 2024ರಲ್ಲಿ ಈ ಕಾಲದ ನಾಲ್ಕೂ ಪ್ರಶಸ್ತಿಗಳನ್ನು ಗೆದ್ದಿತು. ಹಿಂದೆ ಸಿರಿವಂತ ಮಾಲೀಕರಿದ್ದರೆ, ದೊಡ್ಡ ಜನಬೆಂಬಲವಿದ್ದರೆ, ನೆಲವಿಲ್ಲದೆಯೂ ನಿಲ್ಲಬಹುದು. ಅದಿಲ್ಲದವರ ಮಾತು ಬೇರೆ. ಇನ್ನೊಂದು ತುದಿಯಲ್ಲಿ ಹಲ್ ಕಿಂಗ್‌ಸ್ಟನ್ ರೋವರ್ಸ್ ಇದೆ. ಕಳೆದ ಕೆಲವು ವರ್ಷಗಳಲ್ಲಿ ತನ್ನ ಕ್ರೇವನ್ ಪಾರ್ಕ್ ಮೈದಾನವನ್ನು ಮರಳಿ ಕೊಂಡುಕೊಂಡಿತು, 2025ರಲ್ಲಿ ಮೂರು ಪ್ರಶಸ್ತಿ ಗೆದ್ದಿತು. ಮೈದಾನ ಕೊಂಡದ್ದರಿಂದಲೇ ಕಪ್ ಬಂತು ಎಂದು ನಾನು ಹೇಳುವುದಿಲ್ಲ. ಅಲ್ಲೂ ಹಣ ಹಾಕಿದವರಿದ್ದಾರೆ. ಆದರೆ ಹಣ ಇದ್ದಾಗ ಅದನ್ನು ಯಾವುದರಲ್ಲಿ ಹೂಡಿದರು ಎಂಬುದು ಗಮನಿಸಬೇಕಾದ ವಿಷಯ.

ಎರಡು ಯುದ್ಧಗಳ ನಡುವಿನ ಕಾಲವನ್ನು ಚಿನ್ನದ ಯುಗ ಮಾಡುವುದೂ ಬೇಡ. ಆಗಲೂ ಕ್ಲಬ್ಬುಗಳು ಸತ್ತವು. ವಿಗನ್ನಿನ ಇನ್ನೊಂದು ಕ್ಲಬ್ಬಾದ ಹೈಫೀಲ್ಡ್ 1933ರಲ್ಲಿ ಲಂಡನ್ನಿನ ವೈಟ್ ಸಿಟಿ ಕ್ರೀಡಾಂಗಣಕ್ಕೆ ಹೋಗಿ, ದೀಪದ ಬೆಳಕಿನಲ್ಲಿ ಆಡಿ, ಒಂದೇ ವರ್ಷಕ್ಕೆ ಸೋತು ಲಿವರ್‌ಪೂಲ್‌ಗೆ ಬಂತು. 1935ರಲ್ಲಿ ಲಂಡನ್ನಿನಲ್ಲಿ ಮತ್ತೆರಡು ಕ್ಲಬ್ಬು ಹುಟ್ಟಿ ಬೇಗನೇ ಮುಗಿದವು. ಗಾಜಿನ ಕಾರ್ಖಾನೆಯ ಬೆಂಬಲವಿದ್ದ ಸೇಂಟ್ ಹೆಲೆನ್ಸ್ ರೆಕ್ಸ್ 1939ರಲ್ಲಿ ಮುಚ್ಚಿತು. ಆಟಗಾರನ ಪಾಡೂ ಹೂವಿನ ಹಾಸಿಗೆಯಲ್ಲ. ಅವನ ನೋಂದಣಿ ಕ್ಲಬ್ಬಿನ ಕೈಯಲ್ಲಿರುತ್ತಿತ್ತು. ಕ್ಲಬ್ಬು ಬಿಡದಿದ್ದರೆ ಅವನು ಬೇರೆಡೆ ಹೋಗುವಂತಿರಲಿಲ್ಲ. ಹಾಡ್ಜ್‌ಸನ್ ಇಡೀ ವೃತ್ತಿಜೀವನ ಒಂದೇ ಕ್ಲಬ್ಬಿನಲ್ಲಿ ಕಳೆದದ್ದನ್ನು ನಾವು ನಿಷ್ಠೆ ಎನ್ನುತ್ತೇವೆ. ನಿಷ್ಠೆ ಇದ್ದಿರಬಹುದು, ಕಟ್ಟೂ ಇತ್ತು. 1932ರಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಎರಡನೆಯ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಒಬ್ಬನಿಗೆ ಕೈ ಮುರಿದು ಇನ್ನೊಬ್ಬನಿಗೆ ಹಿಮ್ಮಡಿ ಗಂಟು ಮುರಿದರೂ ಬದಲಿಗೆ ಯಾರನ್ನೂ ಇಳಿಸುವಂತಿರಲಿಲ್ಲ. ತಲೆಗೆ ಬಿದ್ದ ಪೆಟ್ಟುಗಳ ಲೆಕ್ಕ ಇಟ್ಟವರೇ ಇಲ್ಲ. ಆ ಲೆಕ್ಕ ಕೇಳಿ ಮಾಜಿ ಆಟಗಾರರು ಕೋರ್ಟಿಗೆ ಹೋಗಿರುವುದು ನಮ್ಮ ಕಾಲದಲ್ಲಿ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. 1928ರಲ್ಲಿ ಭೂಮಾಲೀಕ ಬಾಡಿಗೆ ಜಗಳ ತೆಗೆದಾಗ ಸ್ವಿಂಟನ್ನಿನ ಗಣಿ–ಗಿರಣಿಯ ಊರು ಹೊಸ ನೆಲ ಕೊಂಡಿತು, ಅದೂ ಹತ್ತಿರದ ರಸ್ತೆಯಲ್ಲೇ. ಸಾಲ್ಫರ್ಡಿನ ಹೊಸ ಕ್ಲಬ್ಬಿಗೆ ಇಂದು ಅಂಥ ಆಯ್ಕೆಯೇ ಇಲ್ಲ. ಅದು ಹಳೆಯ ಕ್ಲಬ್ಬಿನ ಹೆಸರು ಹೊತ್ತು, ತನ್ನದಲ್ಲದ ಕ್ರೀಡಾಂಗಣದ ಬಾಡಿಗೆಯ ಕರಾರಿನಿಂದಲೇ ಲೆಕ್ಕ ಶುರುಮಾಡಬೇಕು. ಸ್ವಿಂಟನ್ನಿನದೂ ಅದೇ ಲೆಕ್ಕ. 2026ಕ್ಕೆ ಕೆಳಗಿನ ಎರಡು ದರ್ಜೆಗಳನ್ನು ಒಂದುಗೂಡಿಸಿರುವುದರಿಂದ ಈ ಎರಡು ಕ್ಲಬ್ಬುಗಳು ಮತ್ತೆ ಒಂದೇ ಪಟ್ಟಿಯಲ್ಲಿವೆ.